ಸೆಕೆಂಡಿಗೆ ನಾಲ್ಕು ಸೆಂಟಿಮೀಟರ್

ಕಲ್ಲಾರಿನಿಂದ ಕೂನೂರಿನವರೆಗಿನ ಕಡಿದಾದ ಏರಿನಲ್ಲಿ ಊಟಿ ರೈಲು ಗಂಟೆಗೆ 13 ಕಿಲೋಮೀಟರಿಗಿಂತ ಜೋರಾಗಿ ಹೋಗುವುದಿಲ್ಲ. ಆ ರೈಲನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿ ಮನೆಯ ಕೋಣೆಯಲ್ಲಿ ಕಟ್ಟಿದರೆ, ವೇಗವನ್ನೂ ಅದೇ ಲೆಕ್ಕದಲ್ಲಿ ಇಳಿಸಬೇಕು. ಆಗ ಎಂಜಿನ್ ಸಾಗುವುದು ಸೆಕೆಂಡಿಗೆ ನಾಲ್ಕು ಸೆಂಟಿಮೀಟರಿಗಿಂತ ತುಸು ಹೆಚ್ಚು. ನಾಲ್ಕು ಮೀಟರ್ ಉದ್ದದ ಹಲಗೆಯನ್ನು ದಾಟಲು ಅದಕ್ಕೆ ಒಂದೂವರೆ ನಿಮಿಷಕ್ಕೂ ಮಿಕ್ಕಿ ಹೊತ್ತು ಬೇಕು. ಮಾದರಿ ರೈಲು ಎಂದರೆ ಸುತ್ತು ಸುತ್ತು ಓಡುವ ಆಟಿಕೆ ಎಂದುಕೊಂಡು ಬಂದವರು ಮೊದಲ ಅರ್ಧ ನಿಮಿಷ ಚಡಪಡಿಸುತ್ತಾರೆ. ಆಮೇಲೆ ತಾವಾಗಿಯೇ ಬಾಗಿ ನೋಡತೊಡಗುತ್ತಾರೆ. ಈ ಕಲೆಯ ಜೀವ ಇರುವುದು ಆ ನಿಧಾನದಲ್ಲಿ ಎಂದು ನಾನು ನಂಬಿದ್ದೇನೆ. ಗಾತ್ರವನ್ನು ಕುಗ್ಗಿಸುವ ಕೈಚಳಕ ಹಲವರಿಗಿದೆ, ವೇಗವನ್ನು ಕುಗ್ಗಿಸುವ ತಾಳ್ಮೆ ಕೆಲವರಿಗೆ ಮಾತ್ರ.

ನೀಲಗಿರಿಯ ಈ ಮೀಟರ್ ಗೇಜ್ ದಾರಿ 1899ರ ಜೂನ್‌ನಲ್ಲಿ ಕೂನೂರಿನವರೆಗೆ ತೆರೆಯಿತು, 1908ರಲ್ಲಿ ಊಟಿಯನ್ನು ಮುಟ್ಟಿತು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಒಟ್ಟು 46 ಕಿಲೋಮೀಟರಿನಲ್ಲಿ 208 ತಿರುವು, 16 ಸುರಂಗ, 250 ಸೇತುವೆ. ಇಷ್ಟನ್ನೂ ಇದ್ದಂತೆಯೇ 1:87ಕ್ಕೆ ಇಳಿಸಿದರೂ ಅರ್ಧ ಕಿಲೋಮೀಟರಿಗೂ ಹೆಚ್ಚು ಉದ್ದದ ಹಳಿ ಬೇಕಾಗುತ್ತದೆ. ಕಲ್ಲಾರಿನಿಂದ ಕೂನೂರಿಗೆ ಗಾಡಿ ಏರುವ ಎತ್ತರವೇ ಸುಮಾರು 1,300 ಮೀಟರ್. ಅದನ್ನು ಕುಗ್ಗಿಸಿದರೂ ಹದಿನೈದು ಮೀಟರ್ ಉಳಿಯುತ್ತದೆ, ಅಂದರೆ ಐದು ಮಹಡಿಯ ಕಟ್ಟಡದಷ್ಟು. ಯಾವ ಮನೆಯಲ್ಲೂ ಅಷ್ಟು ಜಾಗವಿಲ್ಲ. ಆದ್ದರಿಂದ ಇಲ್ಲಿ ಮೊದಲ ಕೆಲಸವೆಂದರೆ ಬಿಡುವುದು.

ಬಿಡುವುದನ್ನು ಕಲಿಯಬೇಕಾದವರು ಇಂಗ್ಲೆಂಡಿನ ಪೆಂಡನ್ ಮ್ಯೂಸಿಯಂ ಬಗ್ಗೆ ತಿಳಿದುಕೊಳ್ಳಬೇಕು. ಆಸ್ಟ್ರೇಲಿಯಾದಿಂದ ಬಂದು ಅಲ್ಲಿ ನೆಲೆಸಿ ಈ ಮ್ಯೂಸಿಯಂ ಹುಟ್ಟುಹಾಕಿದ ರಾಯ್ ಇಂಗ್ಲೆಂಡ್, ತಾವು ಕಣ್ಣಾರೆ ಕಂಡ 1920–30ರ ದಶಕದ ಹಳ್ಳಿಗಾಡು ಕಣ್ಮರೆಯಾಗುತ್ತಿದೆಯೆಂದು ಮರುಗಿ, ಅದನ್ನು ಕಾರ್ಡಿನಲ್ಲೂ ಜಲವರ್ಣದಲ್ಲೂ ಪುಟ್ಟ ಮಾದರಿಯಾಗಿ ಕಟ್ಟಿಡಲು ಹೊರಟರು. ಅಲ್ಲಿನ ಪುಟ್ಟ ಮನೆಗಳ ಗೋಡೆಯಲ್ಲಿ ಇಟ್ಟಿಗೆ ಇಟ್ಟಿಗೆಗೂ ಬಣ್ಣ ಬೇರೆ. ಅವರು ಇಡೀ ಇಂಗ್ಲೆಂಡನ್ನು ಕಟ್ಟಲು ಹೋಗಲಿಲ್ಲ. ಒಂದು ಕಣಿವೆಯನ್ನು ಆರಿಸಿಕೊಂಡು ಅದರ ಮುಂದೆ ಕುಳಿತರು, ಅವರ ತರುವಾಯ ಬಂದವರೂ ಕುಳಿತೇ ಇದ್ದಾರೆ.

ನಾನು ಹಿಲ್‌ಗ್ರೋವ್ ಆರಿಸಿಕೊಂಡೆ. ಊಟಿಯಲ್ಲ, ಕೂನೂರಲ್ಲ, ದಾರಿನಡುವೆ ಎಂಜಿನ್ ನೀರು ಕುಡಿಯಲು ನಿಲ್ಲುವ ಕಾಡಿನ ನಿಲ್ದಾಣ. ಗಾಡಿ ನಿಂತಾಗ ಜನ ಇಳಿದು ಕೈಕಾಲು ಸಡಿಲಿಸುತ್ತಾರೆ, ಟೀ ಕುಡಿಯುತ್ತಾರೆ, ಮಂಗಗಳು ತಿಂಡಿಯ ಪೊಟ್ಟಣಕ್ಕೆ ಹೊಂಚು ಹಾಕುತ್ತವೆ. ಕಾಲ 1960ರ ದಶಕ, ಎಂಜಿನ್ನಿಗೆ ಇನ್ನೂ ಕಲ್ಲಿದ್ದಲು ಹಾಕುತ್ತಿದ್ದ ದಿನಗಳು. ಸ್ಥಳವೊಂದು, ಕಾಲವೊಂದು ಎಂದು ಗಟ್ಟಿಮಾಡಿಕೊಂಡ ಮೇಲೆ ಮಿಕ್ಕ ನೂರು ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

ಹಳಿಯ ಹತ್ತಿರಕ್ಕೆ ಬನ್ನಿ. ಎರಡು ಹಳಿಗಳ ನಡುವೆ ಹಲ್ಲು ಕೊರೆದ ಎರಡು ಉಕ್ಕಿನ ಪಟ್ಟಿಗಳು ಒಂದರ ಪಕ್ಕ ಒಂದು ಸಾಗುತ್ತವೆ. ಎಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರ ಇವನ್ನು ಕಚ್ಚಿಕೊಂಡು ಗಾಡಿಯನ್ನು ಮೇಲೇರಿಸುತ್ತದೆ. ಇದು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ರೋಮನ್ ಆಬ್ಟ್ ರೂಪಿಸಿದ ಪದ್ಧತಿ. ಅದರ ಜಾಣ್ಮೆ ಇರುವುದು ಹಲ್ಲುಗಳ ಜೋಡಣೆಯಲ್ಲಿ: ಒಂದು ಪಟ್ಟಿಯ ಹಲ್ಲು ಇರುವಲ್ಲಿ ಇನ್ನೊಂದರಲ್ಲಿ ಸಂದು. ಹೀಗಾಗಿ ಹಿಡಿತ ಒಂದು ಗಳಿಗೆಯೂ ತಪ್ಪುವುದಿಲ್ಲ. ನಿಜದ ದಾರಿಯಲ್ಲಿ ಪಟ್ಟಿಗಳ ನಡುವಿನ ಅಂತರ 44 ಮಿಲಿಮೀಟರ್, ಹಳಿಗಿಂತ ಅವು ಎದ್ದು ನಿಲ್ಲುವುದು 65 ಮಿಲಿಮೀಟರ್. ಮಾದರಿಯಲ್ಲಿ ಆ ಅಂತರ ಅರ್ಧ ಮಿಲಿಮೀಟರ್ ಆಗುತ್ತದೆ, ಎತ್ತರ ಮುಕ್ಕಾಲು ಮಿಲಿಮೀಟರ್. ಸ್ವಿಸ್ ಆಲ್ಪ್ಸ್‌ನ ಫುರ್ಕಾ ದಾರಿಯೂ ಆಬ್ಟ್ ಪದ್ಧತಿಯದೇ ಆದ್ದರಿಂದ, ಜರ್ಮನಿಯ ಬೇಮೋ ಕಂಪನಿ ಅದಕ್ಕೆಂದು ಮಾಡುವ 12 ಮಿಲಿಮೀಟರ್ ಗೇಜಿನ ಹಳಿಯೂ ಹಲ್ಲಿನ ಪಟ್ಟಿಯೂ ನೀಲಗಿರಿಗೂ ಒದಗುತ್ತವೆ. ಲೆಕ್ಕದ ಪ್ರಕಾರ ಗೇಜ್ 11.5 ಮಿಲಿಮೀಟರ್ ಇರಬೇಕಿತ್ತು. ಆ ಅರ್ಧ ಮಿಲಿಮೀಟರನ್ನು ನಾನು ಮನಸಾರೆ ಕ್ಷಮಿಸುತ್ತೇನೆ. ಹೊಸ ಹಳಿಯ ಬೆಳ್ಳಿ ಹೊಳಪನ್ನು ಮಾತ್ರ ಕ್ಷಮಿಸಲಾರೆ. ಹಳಿಯ ಬದಿಗೆ ತುಕ್ಕಿನ ಕಂದು, ಪಟ್ಟಿಯ ಮೈಗೆ ಗ್ರೀಸಿನ ಕಪ್ಪು ಬಳಿದು, ಹಲ್ಲಿನ ನೆತ್ತಿಯನ್ನಷ್ಟೇ ಒರೆಸಿಬಿಟ್ಟರೆ ಅಲ್ಲಿ ಸಣ್ಣಗೆ ಮಿನುಗುವ ಲೋಹ ಕಾಣುತ್ತದಲ್ಲ, ಅದನ್ನು ನೋಡಿಯೇ ಈ ಏರು ಎಷ್ಟು ದುಡಿಸುತ್ತದೆಂದು ತಿಳಿಯಬೇಕು.

ಈ ದಾರಿಯನ್ನು ಆರಿಸಿದವರಿಗೆ ಬೇರೆ ದಾರಿಗಳವರಿಗೆ ದಕ್ಕದ ಒಂದು ಭಾಗ್ಯವಿದೆ. ದೊಡ್ಡ ರೈಲುಗಳ ತಿರುವನ್ನು ಕೋಣೆಯಲ್ಲಿ ಹಿಡಿಸಲು ಅದನ್ನು ಸುಳ್ಳು ಸುಳ್ಳೇ ಬಗ್ಗಿಸಬೇಕಾಗುತ್ತದೆ, ಆಗ ಉದ್ದನೆಯ ಬೋಗಿಗಳು ಕೋನ ಕೋನವಾಗಿ ಕಾಣುತ್ತವೆ. ನೀಲಗಿರಿಯ ಅತಿ ಬಿಗಿಯಾದ ತಿರುವಿನ ತ್ರಿಜ್ಯ ಸುಮಾರು 100 ಮೀಟರ್. ಮಾದರಿಯಲ್ಲಿ ಅದು 1.15 ಮೀಟರ್ ಮಾತ್ರ, ಹಾಗಾಗಿ ಕೋಣೆಯ ಮೂಲೆಯಲ್ಲಿ ಸುಳ್ಳಿಲ್ಲದೆ ಕೂರುತ್ತದೆ. ಏರೂ ಹಾಗೆಯೇ. ಹನ್ನೆರಡಕ್ಕೆ ಒಂದು ಎಂಬ ಏರು 240 ಸೆಂಟಿಮೀಟರಿನಲ್ಲಿ ಇಪ್ಪತ್ತು ಸೆಂಟಿಮೀಟರ್ ಎತ್ತುತ್ತದೆ. ಕಾಗದದಲ್ಲಿ ಬರೆದಾಗ ಸಾಧಾರಣವೆನಿಸುವ ಈ ಸಂಖ್ಯೆ, ಹಲಗೆ ಜೋಡಿಸಿ ಎದುರು ನಿಂತಾಗ ದಂಗುಬಡಿಸುತ್ತದೆ. ರೈಲು ಇಷ್ಟು ಕಡಿದಾದುದನ್ನು ಏರುತ್ತದೆಯೇ ಎಂಬ ಅಚ್ಚರಿ 1899ರ ಜನರಿಗೆ ಆಗಿದ್ದಿರಬೇಕು, ಈಗ ನಮಗೂ ಆಗುತ್ತದೆ.

1960ರ ದಶಕದಲ್ಲಿ ಈ ದಾರಿಯಲ್ಲಿ ದುಡಿಯುತ್ತಿದ್ದ ಎಕ್ಸ್ ವರ್ಗದ ಎಂಜಿನ್‌ಗಳು ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನಲ್ಲಿ ಹುಟ್ಟಿದವು. ನಾಲ್ಕು ಸಿಲಿಂಡರ್, ಬದಿಗೆ ಎರಡರಂತೆ ಒಂದರ ಮೇಲೊಂದು. ಕೆಳಗಿನವು ಸಾಮಾನ್ಯ ಗಾಲಿಗಳನ್ನು ತಿರುಗಿಸುತ್ತವೆ. ಅಲ್ಲಿ ದುಡಿದ ಹಬೆ ಮೇಲಿನ ಸಿಲಿಂಡರಿಗೆ ಹೋಗಿ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಮೇಲಿನ ತೋಳುಗಳು ಕೆಳಗಿನವುಗಳಿಗಿಂತ ಬೇಗ ಆಡುತ್ತವೆ, ಅದೂ ಎದುರು ದಿಕ್ಕಿಗೆ. ಗಾಡಿ ಇರುವೆಯ ನಡೆಯಲ್ಲಿ ತೆವಳುತ್ತಿರುವಾಗ ಎಂಜಿನ್ನಿನ ಪಕ್ಕೆಯಲ್ಲಿ ಎರಡು ಲಯಗಳು ಒಂದನ್ನೊಂದು ಕತ್ತರಿಸುತ್ತಾ ನಡೆಯುವುದನ್ನು ನೋಡುವುದೇ ಒಂದು ಸುಖ. ಮಾದರಿಯಲ್ಲಿ ಇದನ್ನು ತರುವುದು ಕಷ್ಟದ ಕೆಲಸ. ತಂದವರ ಕೈಗೆ ನಮಸ್ಕಾರ ಹೇಳಬೇಕು.

ಎಂಜಿನ್ ಗಾಡಿಯನ್ನು ಎಳೆಯುವುದಿಲ್ಲ, ಕೆಳಗಿನಿಂದ ತಳ್ಳುತ್ತದೆ. ಚಾಲಕನಿಗೆ ಮುಂದಿನ ದಾರಿ ಕಾಣದು. ಅದಕ್ಕೇ ಪ್ರತಿ ಬೋಗಿಯ ತುದಿಯ ಜಗುಲಿಯಲ್ಲಿ ಒಬ್ಬ ಬ್ರೇಕ್‌ಮನ್ ನಿಂತಿರುತ್ತಾನೆ. ಮುಂದಿನವನು ಬಾವುಟ ಬೀಸಿದರೆ ಹಿಂದಿನವನು ನೋಡಿ ಬೀಸುತ್ತಾನೆ, ಹಾಗೆ ಸುದ್ದಿ ಎಂಜಿನ್ನಿಗೆ ಮುಟ್ಟುತ್ತದೆ. ಮಾದರಿಯಲ್ಲಿ ಈ ಮನುಷ್ಯ ಎರಡು ಸೆಂಟಿಮೀಟರಿಗಿಂತ ಗಿಡ್ಡ. ಅವನ ಬಾವುಟವನ್ನು ನಾನು ಟೀ ಪೊಟ್ಟಣದ ಒಳಹಾಳೆಯಿಂದ ಕತ್ತರಿಸುತ್ತೇನೆ. ಬಟ್ಟೆಯಾಗಲಿ ಕಾಗದವಾಗಲಿ ಈ ಅಳತೆಯಲ್ಲಿ ಬಿರುಸು, ಗಾಳಿಗೆ ಬಾಗಿದಂತೆ ಕಾಣುವುದಿಲ್ಲ. ತೆಳು ಲೋಹದ ಹಾಳೆಯನ್ನು ಸೂಜಿಯ ಮೇಲೆ ಒತ್ತಿ ಎರಡು ಮಡಿಕೆ ಮಾಡಿ ಹಸಿರು ಬಳಿದರೆ, ಮಲೆಯ ಗಾಳಿ ಆಗತಾನೇ ಬೀಸಿದಂತಿರುತ್ತದೆ. ಇಡೀ ಲೇಔಟ್‌ನಲ್ಲಿ ನನಗೆ ತೀರ ಇಷ್ಟವಾದದ್ದು ಅದೇ ಬಾವುಟ. ಸಾಲಾಗಿ ನಿಂತ ಆಳುಗಳು, ಅವರ ಕಣ್ಣುಗಳ ಮೇಲೆ ನಡೆಯುವ ರೈಲು: ಈ ದಾರಿಯ ಚರಿತ್ರೆಯಲ್ಲಿ ಮನುಷ್ಯರ ಪಾಲು ಎಷ್ಟೆಂದು ಅದು ತೋರಿಸುತ್ತದೆ.

ಹಸಿರಿನ ವಿಚಾರದಲ್ಲಿ ಹಲವರು ಎಡವುತ್ತಾರೆ. ನೀಲಗಿರಿ ಎಂದೊಡನೆ ಎಲ್ಲೆಡೆ ಟೀ ತೋಟ ಹರಡಿಬಿಡುತ್ತಾರೆ. ಕಲ್ಲಾರಿನ ಬಳಿ ಅಡಿಕೆ ತೋಟ, ಹಿಲ್‌ಗ್ರೋವ್ ಸುತ್ತ ಕಾಡಿನದೇ ಮೇಲುಗೈ, ಟೀ ಕಣ್ಣು ತುಂಬುವುದು ಕೂನೂರು ಸಮೀಪಿಸಿದಾಗ. ಕಾಡಿಗೆ ಒಂದೇ ಹಸಿರು ಸಾಲದು: ಹತ್ತಿರದ್ದಕ್ಕೆ ಹಳದಿ ಬೆರೆಸಬೇಕು, ದೂರದ್ದಕ್ಕೆ ಬೂದು, ಅದರಾಚೆಗಿನದಕ್ಕೆ ನೀಲಿ. ಬಂಡೆ ಇಲ್ಲಿ ಗಾಢ ಬೂದು ಬಣ್ಣದ ಚಾರ್ನೊಕೈಟ್. ಬಂಡೆಯ ಸಂದಿನಿಂದ ನೀರು ಜಿನುಗುವಲ್ಲಿ ವಾರ್ನಿಷ್‌ನ ಒಂದು ಸಣ್ಣ ಗೆರೆ ಎಳೆದರೆ ಮಳೆಗಾಲ ಬಂದುಬಿಡುತ್ತದೆ. ಮಂಜಿಗೆ ಹತ್ತಿ ಅಂಟಿಸುವುದು ಮಾತ್ರ ಬೇಡ. ಹತ್ತಿ ಯಾವ ಅಳತೆಯಲ್ಲೂ ಹತ್ತಿಯೇ. ಹಿನ್ನೆಲೆಯ ಬೆಟ್ಟಕ್ಕೆ ತೆಳುವಾಗಿ ಬಿಳಿ ತೊಡೆದರೆ ಮಂಜು ಅಲ್ಲಿಯೇ ಹುಟ್ಟುತ್ತದೆ.

ಇಷ್ಟೆಲ್ಲ ಕೂಡಿಬಂದ ಮೇಲೆ ಗಾಡಿ ಹೊರಡಬೇಕು. ವೇಗದ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ ಕೈ ತೆಗೆಯಬೇಕು. ಎಂಜಿನ್ ಮೊದಲ ಹಲ್ಲನ್ನು ಕಚ್ಚುತ್ತದೆ, ಮುಂದಿನ ಬೋಗಿ ಬಂಡೆಯ ಮರೆಗೆ ಸರಿಯುತ್ತದೆ, ಒಂದಾದ ಮೇಲೊಂದು ಬಾವುಟ ಕಣ್ಮರೆಯಾಗುತ್ತದೆ. ಹಳಿಯ ಪಕ್ಕದ ಜರಿಗಿಡ, ನೀರಿನ ತೊಟ್ಟಿ, ಆರು ಮಿಲಿಮೀಟರಿನ ಮಂಗ ಎಲ್ಲವನ್ನೂ ಕಣ್ಣು ಸಾವಕಾಶ ಸವಿಯುತ್ತದೆ. ಅದೇ ಗಾಡಿ ಹತ್ತು ಪಟ್ಟು ಜೋರಾಗಿ ಓಡಿದರೆ ವರ್ಷಗಟ್ಟಲೆ ಕಟ್ಟಿದ ಬೆಟ್ಟ ಹತ್ತು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ.

ಇಂಥದ್ದನ್ನು ಕಟ್ಟುವ ಆಸೆಯುಳ್ಳವರಿಗೆ ಒಂದು ಮಾತು. ಅಂಗಡಿಗೆ ಹೋಗುವ ಮುಂಚೆ ಈ ದಾರಿ ಶುರುವಾಗುವ ಮೆಟ್ಟುಪಾಳ್ಯಕ್ಕೆ ಹೋಗಿ. ಇಳಿಯುವ ಗಾಡಿ ಬೇಡ, ಏರುವ ಗಾಡಿಯನ್ನೇ ಹಿಡಿಯಿರಿ. ಊಟಿ ತಲುಪಲು ಅದಕ್ಕೆ ಹೆಚ್ಚುಕಡಿಮೆ ಐದು ಗಂಟೆ ಬೇಕು.