ಬಾಗಿಲಾಚೆಯ ದನಿ: ‘ಕೌನ್?’ ಚಿತ್ರದ ಮನೆಪ್ರತಿ

ಹಳಗನ್ನಡ ಕಾವ್ಯವೊಂದರ ಎರಡು ಹಸ್ತಪ್ರತಿಗಳು ದೊರೆತಾಗ ಸಂಪಾದಕನು ಪಾಠಾಂತರಗಳನ್ನು ಗುರುತಿಸುತ್ತಾನೆ. ಒಂದು ಪ್ರತಿ ಎಷ್ಟೇ ಸವೆದಿದ್ದರೂ ಅದನ್ನು ಓದಿಸಿಕೊಂಡ ಊರಿನವರ ಪಾಲಿಗೆ ಅದೇ ಕಾವ್ಯವಾಗಿತ್ತೆಂಬುದನ್ನು ಅವನು ಮರೆಯುವುದಿಲ್ಲ. ನಮ್ಮ ಸಿನಿಮಾ ವಿಮರ್ಶೆಯಲ್ಲಿ ಈ ಎಚ್ಚರ ಅಪರೂಪ. ಚಿತ್ರಮಂದಿರದ ಪ್ರತಿಯೇ ಮೂಲ, ಮನೆಯಲ್ಲಿ ನೋಡುವ ಡಿಸ್ಕು ಅದರ ಮಸುಕು ನೆರಳು ಎಂಬ ಎಣಿಕೆ ರೂಢಿಯಾಗಿದೆ. ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ, ಉಮದಿ, ಸಂಖಗಳ ಸುತ್ತಲ ಹೊಲಗಳಲ್ಲಿ ಚದುರಿರುವ ವಸ್ತಿಮನೆಗಳಲ್ಲಿ ಕುಳಿತು ನೋಡಿದವರ ಅನುಭವವನ್ನು ಈ ಎಣಿಕೆ ವಿವರಿಸಲಾರದು. ಮನೆಗೆ ನುಗ್ಗುವವರ ಕುರಿತ ಭಯದ ಚಿತ್ರವು ಮನೆಯೊಳಗೇ ಓಡುವಾಗ ಏನು ಉಳಿಯುತ್ತದೆ, ಏನು ಅಳಿಯುತ್ತದೆ? ರಾಮ್ ಗೋಪಾಲ್ ವರ್ಮಾ ಅವರ ‘ಕೌನ್?’ (1999) ಈ ಪ್ರಶ್ನೆಗೆ ತಕ್ಕ ಪಠ್ಯ.

ಅನುರಾಗ್ ಕಶ್ಯಪ್ ಬರೆದ ಈ ಹಿಂದಿ ಚಿತ್ರದಲ್ಲಿ ಹಾಡುಗಳಿಲ್ಲ. ಒಂದು ದೊಡ್ಡ ಮನೆ, ಮಳೆಯ ಹೊತ್ತು, ಒಬ್ಬಂಟಿ ಹೆಂಗಸು (ಊರ್ಮಿಳಾ ಮಾತೋಂಡ್ಕರ್). ಟಿ.ವಿ.ಯಲ್ಲಿ ಕೊಲೆಗಡುಕನೊಬ್ಬನ ಸುದ್ದಿ ಬರುತ್ತಿರುವಾಗ ಬಾಗಿಲ ಗಂಟೆ ಬಾರಿಸುತ್ತದೆ. ಹೊರಗೆ ನಿಂತವನು ಸಮೀರ್ ಪೂರ್ಣವಳೆ (ಮನೋಜ್ ಬಾಜಪೇಯಿ). ಅವನ ಹಿಂದೆ ಇನ್ನೊಬ್ಬ (ಸುಶಾಂತ್ ಸಿಂಗ್). ಒಳಗೆ ಬಿಡಬೇಕೆ, ಬೇಡವೆ ಎಂಬುದೇ ಕಥೆ. ಕೊನೆಗೆ ತಿಳಿಯುವುದು: ಕೊಲೆಗಡುಕತನವಿರುವುದು ಚಿಲಕದ ಒಳಗಡೆಯಲ್ಲಿ.

ವಿಸಿಡಿಯ ಚಿತ್ರದ ಅಳತೆ 352×288 ಬಿಂದುಗಳು. ಡಿವಿಡಿಯ 720×576ಕ್ಕೆ ಹೋಲಿಸಿದರೆ ಸುಮಾರು ಕಾಲುಭಾಗ. ಹಗಲಿನ ದೃಶ್ಯದಲ್ಲಿ ಈ ಕೊರತೆ ಅಷ್ಟಾಗಿ ಕಾಣದು. ಕತ್ತಲಲ್ಲಿ ಹಾಗಲ್ಲ. ಕಪ್ಪಿನಿಂದ ಬೂದಿಗೆ ನಿಧಾನವಾಗಿ ತಿರುಗಬೇಕಾದ ನೆರಳು ಚೌಕಚೌಕವಾಗಿ ಒಡೆದು ನಡುಗುತ್ತದೆ. ಮೆಟ್ಟಿಲ ಕೆಳಗೆ ಯಾರಾದರೂ ಅಡಗಿದ್ದಾರೆಯೆ ಎಂದು ಹುಡುಕುವ ಕಣ್ಣಿಗೆ ಅಲ್ಲಿ ಸಿಗುವುದು ಬರಿಯ ಮಸಿ. ಆದರೆ ಸಮೀಪದಿಂದ ಹಿಡಿದ ಮುಖಗಳಿಗೆ ಅಂಥ ನಷ್ಟವಿಲ್ಲ. ಹೀಗಾಗಿ ಮನೆಪ್ರತಿಯಲ್ಲಿ ಮನೆಯೇ ಅಳಿಸಿಹೋಗಿ ಆಕೆಯ ಮುಖವೊಂದೇ ನಿಲ್ಲುತ್ತದೆ. ನಿರ್ದೇಶಕರು ನಮ್ಮ ಗಮನವನ್ನು ಕತ್ತಲ ಮೂಲೆಗಳ ಕಡೆಗೆ ಎಳೆದು ಕೊನೆಯವರೆಗೆ ಬಚ್ಚಿಟ್ಟ ಸತ್ಯ ಇದ್ದುದು ಆ ಮುಖದಲ್ಲಿಯೇ. ಕೆಟ್ಟ ಪ್ರತಿ ಒಳ್ಳೆಯ ಪ್ರತಿಗಿಂತ ಮೊದಲು ಅಲ್ಲಿಗೆ ತಲುಪುತ್ತದೆ. ಇದನ್ನು ದೋಷವೆನ್ನುವುದಕ್ಕಿಂತ ಪಾಠಾಂತರವೆನ್ನುವುದೇ ಸರಿ.

ಧ್ವನಿಯಲ್ಲಿಯೂ ಇದೇ ಆಯ್ಕೆ ನಡೆಯುತ್ತದೆ. ಸಂದೀಪ್ ಚೌಟ ಅವರ ಹಿನ್ನೆಲೆ ಸಂಗೀತದ ಮಂದ್ರ, ಗುಡುಗಿನ ಆಳ, ಇವು ಟಿ.ವಿ.ಯ ಅಂಗೈಯಗಲದ ಸ್ಪೀಕರಿನಲ್ಲಿ ಸೊರಗುತ್ತವೆ. ಮಳೆಯ ಮೊರೆತವು ಚಾನೆಲ್ ಹೋದಾಗಿನ ಸುಯ್‌ಗುಡುವ ಸದ್ದಿಗಿಂತ ಬೇರೆಯಾಗಿ ಕೇಳಿಸದು. ಅಲ್ಲದೆ ಜತ್ತ ಬರದ ಸೀಮೆ. ಮಳೆಗಾಗಿ ಮುಗಿಲು ನೋಡುವ ಮನೆಯಲ್ಲಿ ಬಿಡದೆ ಸುರಿಯುವ ಮಳೆ ಭಯದ ಸಂಕೇತವಾಗುವುದೂ ಕಷ್ಟ. ಉಳಿಯುವುದು ಎರಡು: ಗಂಟೆಯ ಸದ್ದು, ಮನುಷ್ಯರ ದನಿ. ಸಣ್ಣ ಸ್ಪೀಕರು ಚೆನ್ನಾಗಿ ನುಡಿಸಬಲ್ಲುದು ಇವನ್ನೇ.

ಒಂದು ಡಿಸ್ಕಿನಲ್ಲಿ ಹಿಡಿಯುವುದು 74 ನಿಮಿಷ, ಹೆಚ್ಚೆಂದರೆ 80. ಒಂದೂವರೆ ಗಂಟೆಯ ಈ ಚಿತ್ರದ ನಡುವೆ ಯಾರಾದರೂ ಎದ್ದು ದೀಪ ಹಾಕಿ ಡಿಸ್ಕು ಬದಲಿಸಲೇಬೇಕು. 1967ರ ‘ವೇಟ್ ಅಂಟಿಲ್ ಡಾರ್ಕ್’ ಚಿತ್ರದ ಕೊನೆಯ ಭಾಗಕ್ಕೆ ಅಮೆರಿಕದ ಚಿತ್ರಮಂದಿರಗಳಲ್ಲಿ ಉಳಿದ ದೀಪಗಳನ್ನೂ ತಗ್ಗಿಸುವ ಏರ್ಪಾಡಿತ್ತು. ಇಲ್ಲಿ ಅದಕ್ಕೆ ತದ್ವಿರುದ್ಧ. ದೀಪ ಹತ್ತಿದ ಆ ಅರೆನಿಮಿಷದಲ್ಲಿ ಹೊರಗಿನ ನಾಯಿ ಬೊಗಳಿದ್ದು, ಗೋದಲಿಯಲ್ಲಿ ಎತ್ತು ಕೊರಳಾಡಿಸಿದ್ದು ಕೇಳುತ್ತದೆ. ಚಿತ್ರ ನಿಂತಾಗಲೇ ಅದರ ಭಯ ನೋಡುಗರ ಮನೆಯನ್ನು ಹೊಗುತ್ತದೆ.

ಆದರೂ ‘ಕೌನ್?’ ಒಂದು ಅಂತರವನ್ನು ದಾಟಲಾರದು. ವಸ್ತಿಮನೆಗೆ ಬಾಗಿಲ ಗಂಟೆಯಿಲ್ಲ. ಹೊರಗಿನಿಂದ ಕೂಗುವ ದನಿಯೇ ಗಂಟೆ. ಒಳಗಿನವರು ‘ಯಾರು?’ ಎಂದೋ ‘ಕೋಣ್?’ ಎಂದೋ ಕೇಳಿ, ಉತ್ತರದ ನುಡಿಯಿಂದಲೇ ಬಂದವನ ಊರು, ಬಳಗ, ನಂಟನ್ನು ಅಳೆಯುತ್ತಾರೆ. ಪೂರ್ಣವಳೆಯ ವಾಚಾಳಿ ಹಿಂದಿ ಈ ಮನೆಯ ಭಾಷೆಯೂ ಅಲ್ಲ, ಪೇಟೆಯ ಭಾಷೆಯೂ ಅಲ್ಲ. ಅದನ್ನು ನಂಬುವ ಪ್ರಶ್ನೆಯೇ ಏಳದ್ದರಿಂದ ನಂಬಿಕೆ ಮುರಿಯುವ ನೋವೂ ಇಲ್ಲ.

ಶ್ರೀನಿವಾಸ ರಾಜು ನಿರ್ದೇಶನದ ‘ದಂಡುಪಾಳ್ಯ’ (2012) ಈ ಅಂತರವನ್ನು ದಾಟುತ್ತದೆ. ಕಲೆಯಾಗಿ ಅದು ‘ಕೌನ್?’ನ ಸಂಯಮಕ್ಕೆ ಸಮನಲ್ಲ. ಕ್ರೌರ್ಯವನ್ನು ಮತ್ತೆ ಮತ್ತೆ ತೋರಿಸಿ ಮೊಂಡಾಗಿಸುತ್ತದೆ. ಆದರೆ ಅಲ್ಲಿ ಬಾಗಿಲು ತೆರೆಯುವುದು ಕುಡಿಯಲು ನೀರು ಕೇಳಿದ್ದಕ್ಕೆ, ಅದೂ ಕನ್ನಡದಲ್ಲಿ. ‘ಯವ್ವಾ, ಒಂದ ತಂಬಗಿ ನೀರ ಕೊಡ್ರಿ’ ಎಂದವರಿಗೆ ಇಲ್ಲವೆನ್ನದ ಸೀಮೆಯಿದು. ಕಚೇರಿ, ಪೇಟೆಗಳಲ್ಲಿ ಮರಾಠಿಯಾಡಿ ಮನೆಯಲ್ಲಿ ಕನ್ನಡವಾಡುವವರಿಗೆ ಆ ನುಡಿ ಮನೆಯ ಬೀಗದಕೈಯಿದ್ದಂತೆ. ಚಿತ್ರ ಅದನ್ನು ಅಪರಿಚಿತರ ಕೈಗೆ ಕೊಡುತ್ತದೆ. ತೆರೆಯ ಮೇಲಿನ ಕನ್ನಡ ಬೆಂಗಳೂರು ಕಡೆಯದು, ತಂಡದ ಮುಖಗಳಲ್ಲಿ ಮಕರಂದ ದೇಶಪಾಂಡೆ, ರವಿ ಕಾಳೆ ಮಹಾರಾಷ್ಟ್ರದ ನಟರು. ಮಾತು ಅತ್ತಣದು, ಮುಖ ಇತ್ತಣದು. ಇಬ್ಬಗೆಯ ಈ ಗುರುತು ದ್ವಿಭಾಷಿಕ ನೋಡುಗನನ್ನು ಕಲಕುವಷ್ಟು ಬೇರೆಯವರನ್ನು ಕಲಕಲಾರದು. ಚಿತ್ರ ಮಾಡುವ ನಿಜವಾದ ಹಾನಿಯೂ ಇಲ್ಲಿಯೇ ಇದೆ: ಮರುದಿನ ಅಂಗಳದಲ್ಲಿ ನೀರು ಕೇಳಿ ನಿಂತ ಕೂಲಿ ಹೆಂಗಸನ್ನು ನೋಡುವ ಕಣ್ಣು ಬದಲಾಗುತ್ತದೆ.

ಆದ್ದರಿಂದ ಮನೆಪ್ರತಿಯನ್ನು ಬಿಂದುಗಳ ಎಣಿಕೆಯಿಂದ ಮಾತ್ರ ಅಳೆಯಲಾಗದು. ಅದು ವಾತಾವರಣವನ್ನು ಕಳೆದುಕೊಂಡು ಮುಖ ಮತ್ತು ದನಿಯನ್ನು ಉಳಿಸಿಕೊಂಡ ಪ್ರತಿ. ಆ ದನಿ ಯಾವ ಭಾಷೆಯದೆಂಬುದು ಗಡಿಸೀಮೆಯಲ್ಲಿ ತಾಂತ್ರಿಕ ಗುಣಮಟ್ಟಕ್ಕಿಂತ ಹಿರಿದಾದ ಸಂಗತಿ. ಅಲ್ಪಸಂಖ್ಯಾತ ನುಡಿಯವರ ಸಿನಿಮಾ ಅನುಭವವನ್ನು ಬರೆಯಹೊರಟವರು ಈ ಸವೆದ ಡಿಸ್ಕುಗಳನ್ನು ಹಸ್ತಪ್ರತಿಗಳಷ್ಟೇ ಜತನದಿಂದ ಕಾಯಬೇಕು, ಓದಬೇಕು.