ಬೇಂಟೆಯೂ ದಹನವೂ: ಪಂಪಭಾರತದಲ್ಲಿ ಮೃಗಯಾಧರ್ಮ

ಪ್ರಾಚೀನ ಕನ್ನಡ ಕಾವ್ಯಗಳಲ್ಲಿ ಬೇಟೆಯ ವರ್ಣನೆ ಬಂದೊಡನೆ ಅದನ್ನು ರಾಜವಿನೋದವೆಂದು ಬಗೆದು ಮುಂದೆ ಸಾಗುವುದು ವಿಮರ್ಶಕರ ವಾಡಿಕೆಯಾಗಿದೆ. ಅದು ಕಥೆಯ ಓಟಕ್ಕೆ ತಡೆ, ಕವಿಯ ಪದಸಂಪತ್ತಿಗಷ್ಟೇ ನಿದರ್ಶನ ಎಂಬ ಅಭಿಪ್ರಾಯವೂ ಉಂಟು. ಪಂಪನ ‘ವಿಕ್ರಮಾರ್ಜುನವಿಜಯ’ದ ಐದನೆಯ ಆಶ್ವಾಸವನ್ನು ಸಾವಧಾನವಾಗಿ ಓದಿದವರಿಗೆ ಈ ಅಭಿಪ್ರಾಯ ಒಪ್ಪಿಗೆಯಾಗದು. ಬೇಟೆಯ ಪ್ರಸಂಗವೂ ಖಾಂಡವದಹನವೂ ಅಲ್ಲಿ ಒಂದೇ ಆಶ್ವಾಸದಲ್ಲಿ ಬರುತ್ತವೆ. ಎರಡರಲ್ಲಿಯೂ ಸಾಯುವುದು ಕಾಡಿನ ಮೃಗವೇ. ಆದರೆ ಕೊಲ್ಲುವ ಬಗೆ ಬೇರೆ. ಈ ವ್ಯತ್ಯಾಸದಲ್ಲಿ ಒಂದು ಧರ್ಮವಿಚಾರ ಅಡಗಿದೆ.

ಹೈದರಾಬಾದಿನ ಕನ್ನಡಿಗರಿಗೆ ಈ ಕಾವ್ಯ ದೂರದ ವಸ್ತುವಲ್ಲ. ೯೪೧ರ ಸುಮಾರಿನಲ್ಲಿ ಇದನ್ನು ಬರೆಯಿಸಿದ ಇಮ್ಮಡಿ ಅರಿಕೇಸರಿಯ ವೇಮುಲವಾಡ ಇಂದಿನ ತೆಲಂಗಾಣದಲ್ಲಿದೆ. ಪಂಪನ ತಮ್ಮ ಜಿನವಲ್ಲಭನ ಕುರ್ಕ್ಯಾಲ ಶಾಸನವೂ ಈ ನೆಲದ್ದೇ.

ಪಂಪನ ಬೇಟೆಗಾರರು ತಮ್ಮ ಕಸುಬಿನ ಮರ್ಮವನ್ನು ಬಲ್ಲವರು. ಅವರ ಹಲವು ಬಗೆಗಳಲ್ಲಿ ‘ದೀವದ ಬೇಂಟೆ’ ವಿಶೇಷವಾದುದು. ಪಳಗಿಸಿದ ಮೃಗವನ್ನು ಮುಂದೆ ಬಿಟ್ಟು, ಅದನ್ನು ನಂಬಿ ಬಂದ ಕಾಡುಮೃಗವನ್ನು ಹೊಡೆಯುವುದು ಇದರ ಕ್ರಮ. ಇದರಲ್ಲಿ ಕೌಶಲವಿದೆ, ತಾಳ್ಮೆಯಿದೆ, ವಂಚನೆಯೂ ಇದೆ. ಹಂದಿಯ ಬೇಟೆಯ ರೀತಿ ಬೇರೆ. ಅಲ್ಲಿ ಮೃಗವು ತಿರುಗಿ ಮೇಲೆ ಬೀಳಬಲ್ಲುದು, ಬೇಟೆಗಾರನ ಪ್ರಾಣವೂ ಪಣವಾಗುತ್ತದೆ. ಕಲ್ಯಾಣದ ಮೂರನೆಯ ಸೋಮೇಶ್ವರನ (೧೧೨೬–೧೧೩೮) ‘ಮಾನಸೋಲ್ಲಾಸ’ದಲ್ಲಿಯೂ ಮೃಗಯೆ ಒಂದು ವಿನೋದ, ಚೀತಾವನ್ನು ಬಿಟ್ಟು ಜಿಂಕೆ ಹಿಡಿಸುವ ಕ್ರಮದ ಮೊದಲ ಉಲ್ಲೇಖಗಳಲ್ಲಿ ಅದೂ ಒಂದು. ಅಲ್ಲಿ ಅರಸನು ಕೊಲ್ಲುವವನಲ್ಲ, ನೋಡುವವನು. ಒಂದು ಬಗೆ ನಂಬಿಕೆಯನ್ನು ಮುರಿಯುತ್ತದೆ, ಒಂದು ಅಪಾಯವನ್ನು ಹಂಚಿಕೊಳ್ಳುತ್ತದೆ, ಇನ್ನೊಂದು ಕೊಲೆಯ ಹೊಣೆಯನ್ನು ಬೇರೊಂದು ಪ್ರಾಣಿಗೆ ವಹಿಸುತ್ತದೆ. ಆದರೂ ಈ ಮೂರಕ್ಕೂ ಸಾಮಾನ್ಯವಾದ ಲಕ್ಷಣವೊಂದುಂಟು: ತಪ್ಪಿಸಿಕೊಂಡ ಮೃಗಕ್ಕೆ ಹಿಂದಿರುಗಲು ಕಾಡು ಉಳಿದಿರುತ್ತದೆ.

ಬೇಟೆಗೆ ಮಿತಿಯುಂಟೆಂಬುದು ಕಾವ್ಯದ ಆರಂಭದಲ್ಲಿಯೇ ಸೂಚಿತವಾಗಿದೆ. ಕೂಡಿದ್ದ ಜಿಂಕೆಗಳ ಮೇಲೆ ಪಾಂಡು ಬಾಣ ಬಿಟ್ಟನು; ಜಿಂಕೆಯ ರೂಪದಲ್ಲಿದ್ದ ಕಿಂದಮಮುನಿಯ ಶಾಪಕ್ಕೆ ಗುರಿಯಾದನು. ಬೇಟೆಯಾಡಿದುದಕ್ಕಿಂತ ಹೊತ್ತಲ್ಲದ ಹೊತ್ತಿನಲ್ಲಿ ಹೊಡೆದುದೇ ಅಲ್ಲಿ ದೋಷ.

ಖಾಂಡವದಲ್ಲಿ ಈ ಮಿತಿ ಪೂರ್ತಿಯಾಗಿ ಕಳಚಿಬೀಳುತ್ತದೆ. ಒಳಗೆ ಬೆಂಕಿ, ಹೊರಗೆ ಬಾಣ. ಆಯ್ಕೆಯಿಲ್ಲ, ಹೊತ್ತಿನ ವಿವೇಕವಿಲ್ಲ, ಓಡಲು ದಾರಿಯಿಲ್ಲ. ಪಂಪನು ಇದನ್ನು ಖಂಡಿಸಿದನೆಂದು ವಾದಿಸುವುದು ಅತಿಯಾದೀತು. ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡ ಕವಿಗೆ ಅದು ನಾಯಕನ ಪರಾಕ್ರಮವೇ ಹೌದು. ಆದರೆ ಕಥೆಯ ನ್ಯಾಯ ಹೊಗಳಿಕೆಗೆ ಅಧೀನವಲ್ಲ. ಆ ಉರಿಯಿಂದ ಉಳಿದ ಅಶ್ವಸೇನನೆಂಬ ಸರ್ಪ ಹಗೆಯನ್ನು ಮರೆಯದೆ, ಕರ್ಣನ ಬಾಣವಾಗಿ ಅರ್ಜುನನ ತಲೆಗೇ ಎರಗಿ ಬರುತ್ತಾನೆ. ಬೇಟೆಯಲ್ಲಿ ತಪ್ಪಿಸಿಕೊಂಡ ಮೃಗ ಕಾಡಿಗೆ ಮರಳುತ್ತದೆ. ದಹನದಲ್ಲಿ ತಪ್ಪಿಸಿಕೊಂಡದ್ದಕ್ಕೆ ಮರಳಲು ಕಾಡಿಲ್ಲ, ಆದುದರಿಂದ ಅದು ಕೊಂದವನನ್ನೇ ಅರಸಿಕೊಂಡು ಬರುತ್ತದೆ.

ಸಿಕಂದರಾಬಾದಿನ ಬೊಲಾರಮ್ಮಿನಲ್ಲಿ ೧೯೧೦ರಲ್ಲಿ ಹುಟ್ಟಿದ ಕೆನೆತ್ ಆಂಡರ್ಸನ್ನನ ಕಥನಗಳು ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡಕ್ಕೆ ಬಂದಿವೆ. ನರಭಕ್ಷಕಕ್ಕಾಗಿ ಜೀವಂತ ಪ್ರಾಣಿಯನ್ನು ಕಟ್ಟಿ ಕಾಯುವ ಅಲ್ಲಿಯ ಕ್ರಮ ದೀವದ ಬೇಂಟೆಯ ದಾಯಾದಿಯೇ. ಆದರೆ ಅಲ್ಲಿಯ ಗುರಿ ಒಂದೇ ಮೃಗ. ಅದನ್ನು ಗುರುತಿಸದೆ ಗುಂಡು ಹಾರಿಸುವುದು ತಪ್ಪು. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನಂತರ ವಿನೋದದ ಬೇಟೆಯ ಕಾಲವೇ ಮುಗಿಯಿತು. ಇಂದು ಬೇಟೆಗಾರನನ್ನು ನಿಂದಿಸುವುದು ಸುಲಭ.

ದಹನದ ಕಾಲ ಮುಗಿದಿದೆಯೆ? ಲಿಂಗಂಪಲ್ಲಿಗೆ ಸಮೀಪದ ಕಂಚ ಗಚ್ಚಿಬೌಲಿಯಲ್ಲಿ, ಹೈದರಾಬಾದ್ ವಿಶ್ವವಿದ್ಯಾನಿಲಯಕ್ಕೆ ತಾಗಿದ ಸುಮಾರು ೪೦೦ ಎಕರೆ ನೆಲದಲ್ಲಿ ೨೦೨೫ರ ಮಾರ್ಚ್ ಕೊನೆಗೆ ಯಂತ್ರಗಳು ಮರಗಳನ್ನು ಉರುಳಿಸಿದವು; ಏಪ್ರಿಲ್ ೩ರಂದು ಸರ್ವೋಚ್ಚ ನ್ಯಾಯಾಲಯ ತಡೆಯಾಜ್ಞೆ ನೀಡಿತು. ಅದು ಚುಕ್ಕೆಜಿಂಕೆಯೂ ನವಿಲೂ ಇರುವ ನೆಲ. ಅಲ್ಲಿ ಬಿಲ್ಲಿರಲಿಲ್ಲ, ದೀವವಿರಲಿಲ್ಲ, ಬೇಟೆಗಾರನೂ ಇರಲಿಲ್ಲ. ಇಂದ್ರಪ್ರಸ್ಥದ ವೈಭವಕ್ಕೂ ಖಾಂಡವದ ಬೂದಿಗೂ ಇರುವ ನಂಟನ್ನು ಬಲ್ಲ ಓದುಗನಿಗೆ ಹೆಚ್ಚಿನ ವ್ಯಾಖ್ಯಾನ ಬೇಕಾಗದು. ಪಂಪನ ಐದನೆಯ ಆಶ್ವಾಸವನ್ನು ವರ್ಣನೆಯೆಂದು ಬದಿಗಿರಿಸದೆ ಮತ್ತೆ ಓದಬೇಕಾದುದು ಈ ಕಾರಣಕ್ಕಾಗಿ. ಮೃಗವನ್ನು ಕೊಂದವನಾರೆಂಬ ಪ್ರಶ್ನೆಯ ಜೊತೆಗೆ, ಅದಕ್ಕೆ ಓಡಲು ದಾರಿ ಉಳಿದಿತ್ತೆ ಎಂಬ ಪ್ರಶ್ನೆಯನ್ನೂ ಆ ಆಶ್ವಾಸ ಕೇಳಿಸುತ್ತದೆ.