‘ತಪ್ಪಾತ್ರಿ’ ಅನ್ನುವ ಮಾತು

ನವ್ಯದ ಕಾಲದಿಂದ ನಮ್ಮ ವಿಮರ್ಶಕರು ‘ಪಾಪಪ್ರಜ್ಞೆ’ ಎಂಬ ಪದವನ್ನು ಧಾರಾಳವಾಗಿ ಬಳಸುತ್ತ ಬಂದಿದ್ದಾರೆ. ಅಡುಗೆಮನೆಯಲ್ಲೋ ಬಸ್ಸಿನಲ್ಲೋ ಯಾರಾದರೂ ಅದನ್ನು ಆಡಿದ್ದು ಕೇಳಿದ್ದೀರಾ? ಪುಣೆಯಲ್ಲಿ ನಾವು ಅನ್ನುವುದು ‘ಗಿಲ್ಟ್’. ಜಿಮ್ ತಪ್ಪಿಸಿದರೂ ಗಿಲ್ಟ್, ಹುಬ್ಬಳ್ಳಿಯಲ್ಲಿ ಒಬ್ಬರೇ ಇರುವ ಅವ್ವನಿಗೆ ವಾರವಾದರೂ ಫೋನ್ ಮಾಡದಿದ್ದರೂ ಗಿಲ್ಟ್. ಎರಡಕ್ಕೂ ಒಂದೇ ತೂಕ.

‘ಪಾಪಪ್ರಜ್ಞೆ’ ಆಡುಮಾತಿಗೆ ಇಳಿಯದಿರಲು ‘ಪಾಪ’ವೇ ಒಂದು ಕಾರಣವಿರಬೇಕು. ಕನ್ನಡದಲ್ಲಿ ಅದು ಎಂದೋ ಕರುಣೆಯ ಕಡೆ ವಾಲಿಬಿಟ್ಟಿದೆ. ‘ಅಯ್ಯೋ ಪಾಪ’ ಅಂದರೆ ಮರುಕ; ‘ಪಾಪದವನು’ ಅಂದರೆ ಯಾರ ಗೋಜಿಗೂ ಹೋಗದ ಬಡಪಾಯಿ. ಮರಾಠಿಯವರ ‘ಪಾಪ’ ಪಾಪವೇ. ಮರುಕಕ್ಕೆ ಅವರಲ್ಲಿ ‘ಬಿಚಾರಾ’ ಬೇರೆ ಇದೆ. ನಮ್ಮ ‘ಪಾಪ’ ಕೇಳಿ ಆಫೀಸಿನ ಮರಾಠಿ ಗೆಳೆಯರು ಹುಬ್ಬೇರಿಸಿದರೆ ಆಶ್ಚರ್ಯವಿಲ್ಲ.

ದಿನದ ಬಳಕೆಯ ಕನ್ನಡ ‘ತಪ್ಪಾಯ್ತು’, ಹುಬ್ಬಳ್ಳಿ-ಧಾರವಾಡದ ಕಡೆ ‘ತಪ್ಪಾತ್ರಿ’. ಇದನ್ನು ಜರೆಯುವುದು ಸುಲಭ: ‘ಮಾಡಿದೆ’ ಎನ್ನದೆ, ಮಳೆ ಬಂದ ಹಾಗೆ ತಾನಾಗಿ ‘ಆಯ್ತು’ ಎನ್ನುತ್ತದೆ. ಮರಾಠಿಯ ‘ಮಾಝಂ ಚುಕಲಂ’ನಲ್ಲಿ ‘ನನ್ನದು’ ಎಂದಾದರೂ ಇದೆ. ಆದರೆ ಆ ‘ರಿ’ ಗಮನಿಸಿ. ಎದುರಿಗೆ ಒಬ್ಬರಿಲ್ಲದೆ ಈ ಮಾತು ಹುಟ್ಟುವುದಿಲ್ಲ. (ಕಾಟಾಚಾರಕ್ಕೂ ಹೇಳುತ್ತೇವೆ, ಅದು ಬೇರೆ.) ಗಿಲ್ಟನ್ನು ಒಬ್ಬರೇ ಕೂತು ಪಡಬಹುದು, ಗೆಳೆಯರ ಮುಂದೆ ಹೇಳಿಕೊಂಡು ಹಗುರಾಗಬಹುದು, ಅವ್ವನಿಗೆ ಗೊತ್ತಾಗಬೇಕೆಂದೇನೂ ಇಲ್ಲ.

ಈ ವ್ಯತ್ಯಾಸ ಮನಸ್ಸಿನಲ್ಲಿಟ್ಟುಕೊಂಡು ಅನಂತಮೂರ್ತಿಯವರ ‘ಸಂಸ್ಕಾರ’ (1965) ಮತ್ತೆ ಓದಬೇಕು. ಪ್ರಾಣೇಶಾಚಾರ್ಯರಿಗೆ ‘ಪಾಪಪ್ರಜ್ಞೆ’ಯ ಚೀಟಿ ಅಂಟಿಸಿದರೆ ಕಾದಂಬರಿಯ ಕೊನೆಯ ಭಾಗ ಬರಿಯ ಅಲೆದಾಟವಾಗಿ ಕಾಣುತ್ತದೆ. ನನಗೆ ಅದೇ ಅದರ ಜೀವಾಳ. ಚಂದ್ರಿಯನ್ನು ಕೂಡಿದ್ದಕ್ಕಿಂತ ಹೆಚ್ಚಾಗಿ ಆಚಾರ್ಯರನ್ನು ಅಲ್ಲಿ ಹಿಂಡುವ ಪ್ರಶ್ನೆ ಬೇರೆ: ತಮ್ಮನ್ನೇ ಧರ್ಮ ಕೇಳಿಕೊಂಡು ಬದುಕಿದ ಅಗ್ರಹಾರದವರ ಎದುರು ನಿಂತು ಇದನ್ನು ಹೇಳುವುದು ಹೇಗೆ? ಹೇಳಿದ ಮೇಲೆ ತಾವು ಯಾರು? ಒಳಗೊಳಗೇ ನೋಯುವುದು ಅವರಿಗೆ ಕಷ್ಟವಲ್ಲ. ಅಂಥ ಶಿಸ್ತಿನಲ್ಲೇ ಬೆಳೆದವರು. ಜಾತ್ರೆಯಲ್ಲಿ ಪುಟ್ಟ ಬೆನ್ನುಬಿಡದೆ ಮಾತಾಡುತ್ತಾನೆ, ಇವರಿಗೆ ಗುರುತು ಸಿಕ್ಕೀತೆಂಬ ಭಯ. ಕೊನೆಗೆ ದೂರ್ವಾಸಪುರದ ಕಡೆ ಹೊರಟ ಗಾಡಿ ಹತ್ತುತ್ತಾರೆ. ಹೇಳಬೇಕಾದ ಮಾತು ಇನ್ನೂ ಬಾಯಲ್ಲೇ ಇರುವಾಗ ಅನಂತಮೂರ್ತಿ ಕಾದಂಬರಿ ನಿಲ್ಲಿಸುತ್ತಾರೆ.